ಎರಡು ಆಟೋನಗರ, ಒಂದು ಅಮಾವಾಸ್ಯೆ

(ವಿಜಯವಾಡದ ಆಟೋನಗರದಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ಪಠ್ಯ)



ಈ ದತ್ತಿಯನ್ನಿಟ್ಟ ಹಿರಿಯರು ಎರಡು ಷರತ್ತು ಹಾಕಿದ್ದಾರೆ. ಒಂದು, ವೇದಿಕೆಯ ಮೇಲೆ ಅವರ ಹೆಸರೆತ್ತಕೂಡದು. ಎರಡು, ಮಾತು ಶೆಡ್ಡಿನಲ್ಲಿ ವೆಲ್ಡಿಂಗ್ ಮಾಡುವ ಹುಡುಗನಿಗೂ ಕೇಳುವಂತಿರಬೇಕು. ಮೊದಲನೆಯದಕ್ಕೆ ಸುಮ್ಮನಿದ್ದರೆ ಆಯಿತು. ಎರಡನೆಯದಕ್ಕೆ ವಿಷಯ ಎಲ್ಲಿ ಹುಡುಕಲಿ ಎಂದುಕೊಳ್ಳುವಷ್ಟರಲ್ಲಿ ವಿಷಯವೇ ಲಾರಿ ಹತ್ತಿ ಬಂತು.

2025ರ ನವೆಂಬರ್ 20, ಗುರುವಾರ. ಬೆಳಗ್ಗೆ ಹತ್ತರ ಹೊತ್ತಿಗೆ ನಾನು ಇಲ್ಲೇ ಸ್ನೇಹಿತರೊಬ್ಬರ ಬಾಡಿ ಕಟ್ಟುವ ಶೆಡ್ಡಿನಲ್ಲಿ ಕೂತಿದ್ದೆ. ಸಿಂಧನೂರಿನ ಲಾರಿಯೊಂದಕ್ಕೆ ಹೊಸ ಬಾಡಿ ಕಟ್ಟಿ ಮುಗಿದಿತ್ತು. ಬಣ್ಣದ ವಾಸನೆ ಇನ್ನೂ ಆರಿರಲಿಲ್ಲ. ಮುಂದಿನ ಗಾಜಿನ ಮೇಲೆ ಊರ ದೇವರ ಹೆಸರು, ಹಿಂದೆ ಅಗಲವಾದ ಹಳದಿ ಅಕ್ಷರಗಳಲ್ಲಿ ‘ಹಾರ್ನ್ ಮಾಡಿ’. ಡ್ರೈವರ್ ಮಾತ್ರ ಕೀಲಿ ಕೈಗೆ ತೆಗೆದುಕೊಳ್ಳಲೊಲ್ಲ. ಮೇಸ್ತ್ರಿ ಗೋಡೆಯ ಕ್ಯಾಲೆಂಡರಿನತ್ತ ಕೈ ತೋರಿಸಿ, “ಈ ರೋಜಂತಾ ಅಮಾವಾಸ್ಯ ಕದಾ, ರೇಪು ರಾ” (ಇವತ್ತೆಲ್ಲ ಅಮಾವಾಸ್ಯೆಯಲ್ಲವೇ, ನಾಳೆ ಬಾ) ಎನ್ನುತ್ತಿದ್ದರು. ಡ್ರೈವರ್ ತನ್ನ ಮೊಬೈಲು ತೆಗೆದು, “ಹನ್ನೆರಡೂ ಹದಿನೇಳಕ್ಕ ಅಮಾಸಿ ಹೋಗ್ತದಂತ ಇದರಾಗ ಐತಿ, ನಾಳಿತನಕ ಯಾಕ್ ಕುಂದರ್ಲಿ?” ಎಂದ. ಆಮೇಲೆ ನನ್ನ ಕಡೆ ತಿರುಗಿ, “ಸರ, ನೀವು ಲೆಕ್ಕದ ಮಾಸ್ತರ ಅಂತಲ್ರಿ. ಯಾವುದು ಖರೆ?” ಎಂದು ಕೇಳಿದ.

ಎರಡೂ ಖರೆ. ಹೇಗೆ ಎಂಬುದನ್ನು ಆ ಹೊತ್ತಿನಲ್ಲಿ ಅವನಿಗೆ ನೆಟ್ಟಗೆ ಹೇಳಲಾಗಲಿಲ್ಲ. ಅದನ್ನೇ ಇವತ್ತು ನಿಮ್ಮೆದುರು ಹೇಳುತ್ತೇನೆ.

ಹುಣ್ಣಿಮೆಯನ್ನು ಯಾರು ಬೇಕಾದರೂ ನೋಡಬಹುದು. ಬಿದಿಗೆಯ ಗೆರೆಚಂದ್ರನನ್ನು ಕಣ್ಣು ಚುರುಕಿದ್ದವರು ಹುಡುಕಿ ತೋರಿಸುತ್ತಾರೆ. ಅಮಾವಾಸ್ಯೆಯನ್ನು ಕಂಡವರು ಯಾರು? ಅಮಾ ಎಂದರೆ ಜೊತೆಯಲ್ಲಿ, ವಾಸ ಎಂದರೆ ಇರುವುದು. ಸೂರ್ಯ ಚಂದ್ರರು ಒಂದೇ ಮನೆಯಲ್ಲಿರುವ ಹೊತ್ತು ಅದು, ಚಂದ್ರ ಸೂರ್ಯನ ಬೆಳಕಿನೊಳಗೆ ಮುಳುಗಿರುವ ಹೊತ್ತು. ಗ್ರಹಣ ಹಿಡಿದ ದಿನವೊಂದನ್ನು ಬಿಟ್ಟರೆ ಆ ಕ್ಷಣಕ್ಕೆ ಸಾಕ್ಷಿಯಿಲ್ಲ. ನಮ್ಮ ಹಬ್ಬಗಳಲ್ಲಿ ಪೂರ್ತಿ ಲೆಕ್ಕದ ಮೇಲೆ ನಿಂತ ಹಬ್ಬ ಎಂದರೆ ಅಮಾವಾಸ್ಯೆಯೇ. ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣು ಕಲಸುವ ಮಗುವೂ, ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವ ರೈತನೂ, ಎಂದೋ ಯಾರೋ ಕೂತು ಮಾಡಿದ ಗುಣಾಕಾರವನ್ನು ನಂಬಿಯೇ ಆಚರಿಸುತ್ತಾರೆ.

ಮೊದಲು ತಿಥಿ ಎಂದರೇನು ಎಂಬುದು ತಿಳಿಯಾಗಲಿ. ಚಂದ್ರ ಸೂರ್ಯನಿಗಿಂತ 12 ಡಿಗ್ರಿ ಮುಂದೆ ಹೋದರೆ ಒಂದು ತಿಥಿ. ಮೂವತ್ತು ತಿಥಿಗೆ 360 ಡಿಗ್ರಿ, ಅಂದರೆ ಮತ್ತೆ ಅವನ ಪಕ್ಕಕ್ಕೇ ಬಂದ ಹಾಗೆ. ಮೂವತ್ತನೆಯ ತಿಥಿಯೇ ಅಮಾವಾಸ್ಯೆ. ಪಂಚಾಂಗದಲ್ಲಿ ‘ಅಮಾವಾಸ್ಯೆ ಇಷ್ಟು ಗಂಟೆಯವರೆಗೆ’ ಎಂದು ಬರೆದಿರುತ್ತದಲ್ಲ, ಆ ಮುಗಿಯುವ ಗಳಿಗೆಯೇ ಖಗೋಳದವರು ಹೇಳುವ ಅಮಾವಾಸ್ಯೆ. ನಮಗೆ ಅದು ಇಡೀ ತಿಥಿಯ ಹೆಸರು, ಅವರಿಗೆ ಬರಿಯ ಒಂದು ಕ್ಷಣ. ಡ್ರೈವರನ ಮೊಬೈಲು ಕ್ಷಣ ಹೇಳುತ್ತಿತ್ತು. ಮೇಸ್ತ್ರಿಯ ಕ್ಯಾಲೆಂಡರು ದಿನ ಹೇಳುತ್ತಿತ್ತು. ಸೂರ್ಯ ಹುಟ್ಟುವಾಗ ಯಾವ ತಿಥಿ ಇದೆಯೋ ಆ ದಿನವೆಲ್ಲ ಅದೇ ತಿಥಿ ಎಂಬ ರೂಢಿ ಅದರದು.

ಇನ್ನು ಲೆಕ್ಕ. ಒಂದು ಅಮಾವಾಸ್ಯೆಯಿಂದ ಇನ್ನೊಂದಕ್ಕೆ ಸರಾಸರಿ 29 ದಿನ 12 ಗಂಟೆ 44 ನಿಮಿಷ 3 ಸೆಕೆಂಡು. ನಮ್ಮ ಹಳೆಯ ಖಗೋಳ ಗ್ರಂಥ ಸೂರ್ಯಸಿದ್ಧಾಂತ ಇದನ್ನು ಬೇರೆ ರೀತಿಯಲ್ಲಿ ಹೇಳುತ್ತದೆ: ಒಂದು ಮಹಾಯುಗದಲ್ಲಿ 157,79,17,828 ದಿನ, 5,34,33,336 ಚಾಂದ್ರಮಾಸ. ಭಾಗಿಸಿ ನೋಡಿ, 29.530588 ದಿನ ಬರುತ್ತದೆ. ಇವತ್ತಿನ ಬೆಲೆಗೂ ಅದಕ್ಕೂ ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟೂ ವ್ಯತ್ಯಾಸವಿಲ್ಲ. ಇಷ್ಟು ಹೇಳಿದರೆ ಸಭೆಯಲ್ಲಿ ಚಪ್ಪಾಳೆ ಬೀಳುತ್ತದೆ, ನನಗೆ ಗೊತ್ತು. ಆದರೆ ಚಪ್ಪಾಳೆ ಇಲ್ಲಿ ಬೇಡ. ಸಾವಿರ ವರ್ಷದಲ್ಲಿ ಸುಮಾರು 12,368 ಅಮಾವಾಸ್ಯೆ ಬರುತ್ತವೆ. ಸಾವಿರ ವರ್ಷದ ಅಂತರದಲ್ಲಿ ಎರಡು ಗ್ರಹಣ ನೋಡಿ, ಒಂದರ ಹೊತ್ತನ್ನು ಪೂರಾ ಒಂದು ಗಂಟೆ ತಪ್ಪಾಗಿ ಬರೆದುಕೊಂಡರೂ ತಿಂಗಳಿಗೆ ಹಂಚಿಕೆಯಾಗುವ ತಪ್ಪು ಸೆಕೆಂಡಿನ ಮೂರನೇ ಒಂದು ಪಾಲಿಗಿಂತ ಕಡಿಮೆ. ಬಾಬಿಲೋನಿನವರ ಬೆಲೆಯೂ ಅರ್ಧ ಸೆಕೆಂಡಿನೊಳಗೇ ಸರಿಯಾಗಿತ್ತು. ಸರಾಸರಿ ಎಂಬುದು ತಾಳ್ಮೆಯಿಂದ ಸಿಕ್ಕುವ ವಸ್ತು. ಜಾಣತನ ಬೇಕಾಗುವುದು ಸರಾಸರಿಯನ್ನು ಬಿಟ್ಟು ಈ ತಿಂಗಳಿನ ಅಮಾವಾಸ್ಯೆ ಹೇಳುವಾಗ.

ಯಾಕೆಂದರೆ ಯಾವ ತಿಂಗಳೂ ಸರಾಸರಿಯಂತೆ ನಡೆಯುವುದಿಲ್ಲ. 2025ರಲ್ಲೇ ನೋಡಿ. ಮೇ 27ರ ಅಮಾವಾಸ್ಯೆಯಿಂದ ಜೂನ್ 25ರದಕ್ಕೆ 29 ದಿನ ಏಳೂವರೆ ಗಂಟೆ. ನವೆಂಬರ್ 20ರಿಂದ ಡಿಸೆಂಬರ್ 20ಕ್ಕೆ 29 ದಿನ 19 ಗಂಟೆ. ಅದೇ ವರ್ಷ, ಅದೇ ಚಂದ್ರ, ಹನ್ನೊಂದೂವರೆ ಗಂಟೆಯ ವ್ಯತ್ಯಾಸ. ಭೂಮಿಗೆ ಹತ್ತಿರ ಬಂದಾಗ ಚಂದ್ರ ಓಡುತ್ತಾನೆ, ದೂರ ಸರಿದಾಗ ಕಾಲೆಳೆಯುತ್ತಾನೆ. ನಮ್ಮ ಭೂಮಿಯೂ ಸೂರ್ಯನ ಸುತ್ತ ಜನವರಿಯಲ್ಲಿ ಚುರುಕು, ಜುಲೈನಲ್ಲಿ ಮಂದ. ಈ ಎರಡು ಏರುಪೇರುಗಳಿಗೆ ಹಾಕುವ ತಿದ್ದುಪಡಿಗೆ ಹಿಂದಿನವರು ಮಂದಫಲ ಎಂದು ಹೆಸರಿಟ್ಟರು.

ಒಂದು ಅಮಾವಾಸ್ಯೆಯನ್ನು ನಾವೇ ಲೆಕ್ಕ ಹಾಕೋಣ. ಮೊನ್ನೆ ಶೆಡ್ಡಿನಲ್ಲಿ ತಗಡಿನ ಮೇಲೆ ಸೀಮೆಸುಣ್ಣದಲ್ಲಿ ಹಾಕಿದ ಲೆಕ್ಕವೇ ಇದು. 2025ರ ದೀಪಾವಳಿಯ ಅಮಾವಾಸ್ಯೆಯನ್ನು ತೆಗೆದುಕೊಳ್ಳೋಣ. ಹೊರಡುವ ಜಾಗ 2000ದ ಜನವರಿ 6ರ ಸರಾಸರಿ ಅಮಾವಾಸ್ಯೆ, ಭಾರತದ ಗಡಿಯಾರದಲ್ಲಿ ರಾತ್ರಿ ಸುಮಾರು 7 ಗಂಟೆ 50 ನಿಮಿಷ. ಅಲ್ಲಿಂದ ದೀಪಾವಳಿಯದು 319ನೆಯದು. 319ನ್ನು 29.530589ರಿಂದ ಗುಣಿಸಿದರೆ 9,420 ದಿನ ಮತ್ತು ಆರು ಗಂಟೆಯ ಮೇಲೆ ಸ್ವಲ್ಪ. ಅದನ್ನು ಕೂಡಿದರೆ ನಾವು ಬಂದು ನಿಲ್ಲುವುದು ಅಕ್ಟೋಬರ್ 22ರ ನಡುರಾತ್ರಿ ಕಳೆದು ಎರಡು ಗಂಟೆಗೆ. ಇದು ಸರಾಸರಿ ಅಮಾವಾಸ್ಯೆ. ಇಷ್ಟಕ್ಕೇ ನಿಲ್ಲಿಸಿದರೆ ದೀಪ ಹಚ್ಚುವುದು ಒಂದು ದಿನ ತಪ್ಪುತ್ತದೆ.

ಈಗ ಮಂದಫಲ. ಆ ಹೊತ್ತಿಗೆ ಚಂದ್ರ ತನಗೆ ಭೂಮಿ ಹತ್ತಿರವಾಗುವ ಬಿಂದುವಿನಿಂದ 157 ಡಿಗ್ರಿ ದಾಟಿ ಬಂದಿದ್ದ. ಹತ್ತಿರವಿದ್ದಾಗ ಓಡಿ ಗಳಿಸಿಕೊಂಡದ್ದು ಇನ್ನೂ ಕೈಯಲ್ಲಿತ್ತು. ಹಾಗಾಗಿ ಸರಾಸರಿ ಜಾಗಕ್ಕಿಂತ ಸುಮಾರು ಎರಡು ಡಿಗ್ರಿ ಮುಂದಿದ್ದ. ಸೂರ್ಯನ ಕಥೆ ತಿರುವುಮುರುವು, ಅವನು ತನ್ನ ಸರಾಸರಿ ಜಾಗಕ್ಕಿಂತ ಎರಡು ಡಿಗ್ರಿಗೆ ತುಸು ಕಡಿಮೆ ಹಿಂದೆ. ಹಿಂದಿನಿಂದ ಬರುವ ಚಂದ್ರ ಮುಂದೊತ್ತಿ ಬಂದ, ಮುಂದಿರುವ ಸೂರ್ಯ ಹಿಂದೆ ಉಳಿದ. ಭೇಟಿ ಬೇಗ ಆಗಲೇಬೇಕಲ್ಲ? ಚಂದ್ರನ ಲೆಕ್ಕಕ್ಕೆ 3 ಗಂಟೆ 48 ನಿಮಿಷ, ಸೂರ್ಯನ ಲೆಕ್ಕಕ್ಕೆ 3 ಗಂಟೆ 57 ನಿಮಿಷ ಕಳೆಯಿರಿ. ಅಕ್ಟೋಬರ್ 21, ಮಂಗಳವಾರ ಸಂಜೆ 6 ಗಂಟೆ 16 ನಿಮಿಷ ಬಂತು.

ನಿಜವಾಗಿ ಅಮಾವಾಸ್ಯೆ ಮುಗಿದದ್ದು ಸಂಜೆ 5 ಗಂಟೆ 55 ನಿಮಿಷಕ್ಕೆ. ನಮ್ಮ ಲೆಕ್ಕ ಇಪ್ಪತ್ತೊಂದು ನಿಮಿಷ ತಡ, ಒಂದು ಗಳಿಗೆಗಿಂತ ಕಡಿಮೆ. ಎರಡೇ ತಿದ್ದುಪಡಿಗೆ ಇಷ್ಟು ಸಿಕ್ಕಿತೆಂದರೆ ತಗಡಿನ ಮೇಲಿನ ಲೆಕ್ಕಕ್ಕೆ ಅದು ದೊಡ್ಡದೇ. ಮೂರನೆಯದೊಂದು ಸಣ್ಣ ತಿದ್ದುಪಡಿ ಹಾಕಿದರೆ ಇನ್ನು ಹದಿನೇಳು ನಿಮಿಷ ಕಳೆದು 5 ಗಂಟೆ 59 ನಿಮಿಷಕ್ಕೆ ಬರುತ್ತೇವೆ. ಉಳಿದ ನಾಲ್ಕು ನಿಮಿಷಕ್ಕಾಗಿ ಹತ್ತಾರು ಸಣ್ಣಪುಟ್ಟ ಪದಗಳನ್ನು ಕೂಡಿಸಿ ಕಳೆಯಬೇಕು. ಲಾರಿ ಬಾಡಿಯ ಹಾಗೆಯೇ ಇದು, ಚಾಸಿಯ ಮೇಲೆ ಕಟ್ಟು ನಿಲ್ಲಿಸುವುದು ಬೇಗ ಆಗುತ್ತದೆ, ಬಾಗಿಲ ಕೀಲು ಕೂರಿಸುವುದರಲ್ಲಿ ದಿನ ಹೋಗುತ್ತದೆ.

ಈ ಹದಿನೇಳು, ಇಪ್ಪತ್ತು ನಿಮಿಷ ಯಾರಿಗೆ ಬೇಕು ಎಂದು ಕೇಳಬೇಡಿ. ಲಕ್ಷ್ಮೀಪೂಜೆಗೆ ಸೂರ್ಯ ಮುಳುಗಿದ ಮೇಲೆ ಅಮಾವಾಸ್ಯೆ ಇರಬೇಕು ಎನ್ನುತ್ತಾರೆ. ಆ ಮಂಗಳವಾರ ವಿಶಾಖಪಟ್ಟಣದಲ್ಲಿ ಸೂರ್ಯ ಮುಳುಗಿದ್ದು ಸುಮಾರು ಐದೂವರೆಗೆ. ಇಪ್ಪತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಅಮಾವಾಸ್ಯೆ ಉಳಿದಿತ್ತು. ನಮ್ಮ ವಿಜಯವಾಡದಲ್ಲಿ ಸೂರ್ಯಾಸ್ತ ಐದೂ ಮುಕ್ಕಾಲಿನ ಹತ್ತಿರ, ಉಳಿದದ್ದು ಹನ್ನೆರಡು ನಿಮಿಷದ ಆಸುಪಾಸು. ಬೆಂಗಳೂರಿನಲ್ಲಿ ಸೂರ್ಯ ಮುಳುಗುವ ಒಂದೆರಡು ನಿಮಿಷ ಮೊದಲೇ ಅಮಾವಾಸ್ಯೆ ಮುಗಿದಿತ್ತು. ನಮ್ಮ ತಗಡಿನ ಲೆಕ್ಕದ 6 ಗಂಟೆ 16 ನಿಮಿಷವನ್ನು ನಂಬಿದ್ದರೆ ಬೆಂಗಳೂರಿಗೂ ಅಮಾವಾಸ್ಯೆಯ ಸಂಜೆ ಸಿಕ್ಕಿಬಿಡುತ್ತಿತ್ತು! ಆಂಧ್ರದಲ್ಲಿ ದೀಪಾವಳಿಯ ರಜೆ ಸೋಮವಾರ 20ಕ್ಕೆ. ಕರ್ನಾಟಕದಲ್ಲಿ 20ಕ್ಕೆ ನರಕ ಚತುರ್ದಶಿ, 22ಕ್ಕೆ ಬಲಿಪಾಡ್ಯಮಿ, ನಡುವಿನ ಮಂಗಳವಾರ ಬರಿದೇ ನೇತಾಡಿತು. ಇಲ್ಲಿನ ಕನ್ನಡದ ಮನೆಗಳಲ್ಲಿ ಅತ್ತೆ ಒಂದು ದಿನ, ಸೊಸೆ ಒಂದು ದಿನ ಪೂಜೆ ಮಾಡಿದ್ದನ್ನು ನಾನು ಬಲ್ಲೆ. ಎರಡೂ ದಿನ ಹೋಳಿಗೆ ತಿಂದದ್ದನ್ನೂ ಒಪ್ಪಿಕೊಳ್ಳುತ್ತೇನೆ.

ಈ ಲೆಕ್ಕ ಕನ್ನಡದಲ್ಲಿ ಇತ್ತೇ ಎಂದು ನನ್ನನ್ನು ಮೊದಲಿನಿಂದಲೂ ಕೇಳುವವರಿದ್ದಾರೆ. ಇತ್ತು. 1604ರಲ್ಲಿ ಶೃಂಗೇರಿಯ ಶಂಕರನಾರಾಯಣ ಜೋಯಿಸರು ‘ಗಣಿತಗನ್ನಡಿ’ ಎಂಬ ಪುಸ್ತಕ ಬರೆದರು. ವಿದ್ದಣಾಚಾರ್ಯನ ಸಂಸ್ಕೃತ ‘ವಾರ್ಷಿಕತಂತ್ರ’ಕ್ಕೆ ಅದು ಕನ್ನಡ ವ್ಯಾಖ್ಯಾನ. ಭಾಷೆ ಕನ್ನಡ, ತಾಳೆಗರಿಯ ಮೇಲಿನ ಲಿಪಿ ನಂದಿನಾಗರಿ. ಬಿ. ಎಸ್. ಶೈಲಜಾ ಮತ್ತು ಸೀತಾರಾಮ ಜವಗಲ್ ಅದನ್ನು ಓದಿ, ಬಿಡಿಸಿ, 2021ರಲ್ಲಿ ಇಂಗ್ಲಿಷ್ ಅನುವಾದದೊಡನೆ ಹೊರತಂದರು. ನಾನೂರು ವರ್ಷದ ಹಿಂದೆ ಮಲೆನಾಡಿನ ಒಬ್ಬ ಜೋಯಿಸರು ಗ್ರಹಣದ ಗಣಿತವನ್ನು ತಾಯಿನುಡಿಯಲ್ಲಿ ಹೇಳಿಕೊಟ್ಟಿದ್ದಾರೆ ಎಂಬುದು ನನಗೆ ಆ ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ದೊಡ್ಡ ಸಂಗತಿ. ಉತ್ತರ ಕರ್ನಾಟಕದ ಕಡೆ ಚಲಾವಣೆಯಲ್ಲಿದ್ದದ್ದು 1520ರ ಗಣೇಶ ದೈವಜ್ಞನ ‘ಗ್ರಹಲಾಘವ’. ಯುಗಗಳ ದೊಡ್ಡ ಸಂಖ್ಯೆಗಳನ್ನು ಪಕ್ಕಕ್ಕಿಟ್ಟು 4,016 ದಿನಗಳ, ಅಂದರೆ ಹನ್ನೊಂದು ವರ್ಷದ ಚಕ್ರಗಳಲ್ಲಿ ಲೆಕ್ಕ ನಡೆಸುವ ಪುಸ್ತಕ ಅದು. ಜ್ಯಾ (ಸೈನ್) ಕೋಷ್ಟಕವೇ ಬೇಡ. ಪಂಚಾಂಗ ಬರೆಯುವವನ ಕಷ್ಟ ಬಲ್ಲವನ ಕೆಲಸ.

ಹಳೆಯ ಲೆಕ್ಕದಲ್ಲಿ ನನ್ನನ್ನು ಬಹುದಿನ ಕಾಡಿದ್ದು ಒಂದು ಅಂಕಿ. ಚಂದ್ರನ ಮಂದಫಲ ಹೆಚ್ಚೆಂದರೆ ಐದು ಡಿಗ್ರಿಯ ಮೇಲೆ ಸ್ವಲ್ಪ ಎಂದು ಸೂರ್ಯಸಿದ್ಧಾಂತದಿಂದ ಬರುತ್ತದೆ. ಇವತ್ತಿನ ಪುಸ್ತಕ ತೆರೆದರೆ ಆರು ಡಿಗ್ರಿಯ ಮೇಲೆ ಕಾಲು. ಇಷ್ಟೆಲ್ಲ ನೋಡಿದವರು ಒಂದೂಕಾಲು ಡಿಗ್ರಿ ಎಲ್ಲಿ ಕಳೆದುಕೊಂಡರು? ಕಳೆದುಕೊಳ್ಳಲಿಲ್ಲ. ಚಂದ್ರನನ್ನು ಸೂರ್ಯನೂ ಎಳೆಯುತ್ತಾನೆ, ಅದರಿಂದ ಇನ್ನೊಂದು ಓಲಾಟ ಹುಟ್ಟುತ್ತದೆ. ಅದು ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಮೊದಲಿನದಕ್ಕೆ ಎದುರಾಗಿ ನಿಂತು ಅದರಿಂದ ಒಂದೂಕಾಲು ಡಿಗ್ರಿ ತಿನ್ನುತ್ತದೆ. ಉಳಿಯುವುದು ಐದೇ. ಹಿಂದಿನವರು ತಮ್ಮ ಲೆಕ್ಕವನ್ನು ಒರೆಗೆ ಹಚ್ಚಿ ನೋಡುತ್ತಿದ್ದದ್ದು ಗ್ರಹಣಗಳಲ್ಲಿ. ಗ್ರಹಣ ಆಗುವುದು ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಮಾತ್ರ. ಆದ್ದರಿಂದ ಅವರ ಚಂದ್ರ ಆ ಎರಡು ದಿನ ಸರಿಯಾಗಿ ನಡೆಯುತ್ತಾನೆ, ಅಷ್ಟಮಿಯ ಹೊತ್ತಿಗೆ ದಾರಿ ತಪ್ಪುತ್ತಾನೆ. ಈ ಎರಡನೆಯ ಓಲಾಟವನ್ನು 932ರ ತನ್ನ ‘ಲಘುಮಾನಸ’ದಲ್ಲಿ ಮುಂಜಾಲ ಹಿಡಿದಿಟ್ಟ. ಹೆಚ್ಚಿನ ಪಂಚಾಂಗಕರ್ತರು ಅದನ್ನು ಕೈಗೆತ್ತಿಕೊಳ್ಳಲಿಲ್ಲ. ಅಮಾವಾಸ್ಯೆ ಸರಿಯಾಗಿ ಬರುತ್ತಿರುವಾಗ ಅಷ್ಟಮಿಯ ಚಿಂತೆ ಯಾರಿಗೆ?

ಗ್ರಹಣದ ಮಾತು ಬಂದ ಮೇಲೆ ಇಲ್ಲಿಗೆ ಹತ್ತಿರದ ಗುಂಟೂರನ್ನು ಬಿಟ್ಟು ಮುಂದೆ ಹೋಗಲಾರೆ. 1868ರ ಆಗಸ್ಟ್ 18ರ ಅಮಾವಾಸ್ಯೆ ಈ ನೆಲದ ಮೇಲೆ ಕಣ್ಣಿಗೆ ಕಂಡಿತು. ಫ್ರಾನ್ಸಿನ ಜಾನ್ಸೆನ್ ಗುಂಟೂರಿನಲ್ಲಿ, ಮದರಾಸು ವೀಕ್ಷಣಾಲಯದ ಪಾಗ್ಸನ್ ಮಚಲೀಪಟ್ಟಣದಲ್ಲಿ ಸೂರ್ಯನ ಬೆಳಕನ್ನು ಒಡೆದು ನೋಡಿದರು. ಆಗ ಕಂಡ ಹಳದಿ ಗೆರೆಯೇ ಮುಂದೆ ಹೀಲಿಯಂ ಎಂದು ಹೆಸರು ಪಡೆದದ್ದು. ಅದೇ ಗ್ರಹಣಕ್ಕೆ ವನಪರ್ತಿಗೆ ಹೋಗಿದ್ದವರು ಮದರಾಸು ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರಿ. ದೂರದರ್ಶಕದಲ್ಲಿ ಕಂಡದ್ದಕ್ಕೂ ಪಂಚಾಂಗದಲ್ಲಿ ಬರೆದದ್ದಕ್ಕೂ ಹೊಂದಿಕೆ ಇರಬೇಕೆಂದು ಹಟ ಹಿಡಿದು ದೃಗ್ಗಣಿತ ಪಂಚಾಂಗ ಹೊರಡಿಸಿದರು, ಬೈಗುಳವನ್ನೂ ತಿಂದರು. 1874ರ ಶುಕ್ರಸಂಕ್ರಮಣದ ಬಗ್ಗೆ ಅವರು ಬರೆದ ಪುಸ್ತಿಕೆ ಕನ್ನಡದಲ್ಲೂ ಬಂತು.

ನನ್ನ ಪಾಲಿನ ಅಮಾವಾಸ್ಯೆ 1980ರ ಫೆಬ್ರವರಿ 16ರದು. ನಾನಾಗ ರಾಯಚೂರು ಜಿಲ್ಲೆಯ ಹಳ್ಳಿಯೊಂದರಲ್ಲಿ ಹುಡುಗ. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನವರು ನಮ್ಮ ಜಿಲ್ಲೆಯ ಜವಳಗೇರಾಕ್ಕೆ ಬಂದು ಬೀಡುಬಿಟ್ಟಿದ್ದರು. ನಮ್ಮ ಮನೆಯಲ್ಲಿ ಕಿಟಕಿಗೆಲ್ಲ ಗೋಣಿಚೀಲ. ಚೀಲದ ಹೆಣಿಗೆಯಲ್ಲಿ ಒಂದು ಸಣ್ಣ ತೂತಿತ್ತು. ಒಳಗಿನ ಗೋಡೆಯ ಮೇಲೆ ಅದರಿಂದ ಬಿದ್ದ ಬಿಸಿಲಿನ ಚುಕ್ಕೆ ನೋಡನೋಡುತ್ತ ಕುಡುಗೋಲಿನ ಹಾಗೆ ಬಾಗಿತು. ಅವ್ವ ಓಡಿ ಬಂದು ಅದರ ಮೇಲೆ ಕೈ ಇಟ್ಟಳು. ಕುಡುಗೋಲು ಅವಳ ಕೈಯ ಮೇಲೆ ಬಿತ್ತು. ಅವತ್ತು ಹೊರಗೆ ಹೋಗದಿದ್ದದ್ದಕ್ಕೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಇನ್ನೊಬ್ಬರ ಹೆಸರು ಹೇಳಿ ಮುಂದೆ ಹೋಗುತ್ತೇನೆ. ಹಂಪಿಯ ಬಗ್ಗೆ ‘ಮರೆತುಹೋದ ಸಾಮ್ರಾಜ್ಯ’ ಬರೆದ ರಾಬರ್ಟ್ ಸಿವೆಲ್ ಕನ್ನಡಿಗರಿಗೆಲ್ಲ ಗೊತ್ತು. ಆತ ಈ ಸೀಮೆಯ ಅಧಿಕಾರಿಯಾಗಿದ್ದವನು, 1877ರಲ್ಲಿ ಅಮರಾವತಿಯ ಸ್ತೂಪ ಅಗೆಸಿದವನು. ಶಂಕರ ಬಾಲಕೃಷ್ಣ ದೀಕ್ಷಿತರ ಜೊತೆ ಸೇರಿ 1896ರಲ್ಲಿ ಭಾರತೀಯ ಪಂಚಾಂಗದ ಕೋಷ್ಟಕಗಳನ್ನು ಹೊರತಂದವನೂ ಆತನೇ. ಕನ್ನಡ ಶಾಸನಗಳಲ್ಲಿ ‘ಅಮಾವಾಸ್ಯೆ ಸೂರ್ಯಗ್ರಹಣ’ ಎಂದು ದಾನ ಕೊಟ್ಟ ದಿನಗಳು ಎಷ್ಟೋ ಇವೆ. ಅಂಥ ಕೋಷ್ಟಕ ಹಿಡಿದೇ ವಿದ್ವಾಂಸರು ಅವಕ್ಕೆ ಇಸವಿ ಕಂಡುಕೊಂಡದ್ದು.

ಈಗ ಎರಡು ಆಟೋನಗರಗಳಿಗೆ ಬರೋಣ. ಒಂದು ನಮ್ಮದು, ಇನ್ನೊಂದು ವಿಶಾಖಪಟ್ಟಣದ ಗಾಜುವಾಕದ ಕಡೆಯದು. ಒಂದೇ ರಾಜ್ಯ, ಒಂದೇ ಗಡಿಯಾರ. ಆ ಗಡಿಯಾರಕ್ಕೆ ಆಧಾರವಾದ ಎಂಬತ್ತೆರಡೂವರೆ ಡಿಗ್ರಿಯ ರೇಖೆ ಎರಡರ ನಡುವೆ ಕಾಕಿನಾಡದ ಸೀಮೆಯಲ್ಲೇ ಹಾದುಹೋಗುತ್ತದೆ. 1952ರಲ್ಲಿ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ಕೂತ ಪಂಚಾಂಗ ಸುಧಾರಣಾ ಸಮಿತಿ ರಾಷ್ಟ್ರೀಯ ಪಂಚಾಂಗಕ್ಕೆ ಅದೇ ರೇಖೆಯನ್ನು ಹಿಡಿಯಿತು. ಆದರೆ ಸೂರ್ಯನಿಗೆ ಈ ತೀರ್ಮಾನ ತಿಳಿಯದು. ವಿಶಾಖಪಟ್ಟಣದವರಿಗೆ ಅವನು ನಮಗಿಂತ ಸುಮಾರು ಹತ್ತು ನಿಮಿಷ ಮುಂಚೆ ಮೂಡುತ್ತಾನೆ. ಬೆಂಗಳೂರಿನವರಿಗೆ ನಮಗಿಂತಲೂ ಹತ್ತು ಹನ್ನೆರಡು ನಿಮಿಷ ತಡ.

2025ರ ಮಹಾಶಿವರಾತ್ರಿ ಫೆಬ್ರವರಿ 26ಕ್ಕೆ. ಅದರ ಬೆನ್ನಿಗೆ ಬಂದ ಅಮಾವಾಸ್ಯೆ 28ರ ಶುಕ್ರವಾರ ಬೆಳಗ್ಗೆ 6 ಗಂಟೆ 15 ನಿಮಿಷದ ಹೊತ್ತಿಗೆ ಮುಗಿಯಿತು. ಕೋಲ್ಕತ್ತದಲ್ಲಿ ಆಗಲೇ ಕಾಲು ಗಂಟೆಯ ಹಿಂದೆ ಸೂರ್ಯ ಹುಟ್ಟಿದ್ದ. ಅಲ್ಲಿ 28ರ ಸೂರ್ಯ ಕಂಡದ್ದೂ ಅಮಾವಾಸ್ಯೆಯನ್ನೇ. ನಮ್ಮಲ್ಲಿ ಸೂರ್ಯ ಹುಟ್ಟಿದ್ದು ಅಮಾವಾಸ್ಯೆ ಮುಗಿದು ಹನ್ನೊಂದು ನಿಮಿಷಕ್ಕೆ, ಬೆಂಗಳೂರಿನಲ್ಲಿ ಇಪ್ಪತ್ತು ನಿಮಿಷಕ್ಕೆ. ವಿಶಾಖಪಟ್ಟಣದಲ್ಲಿ? ಒಂದೆರಡು ನಿಮಿಷಕ್ಕೆ! ಅಲ್ಲಿ ಸೂರ್ಯೋದಯ ಎಂದರೆ ಬಿಂಬದ ಮೇಲಂಚು ಕಂಡಾಗಲೋ ನಡುಬಿಂಬ ಬಂದಾಗಲೋ ಎಂದು ಕೇಳಬೇಕಾಗುವಷ್ಟು ಹತ್ತಿರ. ಲೆಕ್ಕದಲ್ಲಿ ಮೂರು ನಿಮಿಷ ತಪ್ಪಿದರೆ ಗಾಜುವಾಕದ ಶೆಡ್ಡಿನಲ್ಲಿ ಶುಕ್ರವಾರ ಅಮಾವಾಸ್ಯೆ, ನಮ್ಮ ಶೆಡ್ಡಿನಲ್ಲಿ ಪಾಡ್ಯ. ಹಿಂದೆ ಪಂಚಾಂಗಗಳಲ್ಲಿ ತಿಥಿಯನ್ನು ಊರ ಸೂರ್ಯೋದಯದಿಂದ ಇಷ್ಟು ಗಳಿಗೆ ಎಂದೇ ಬರೆಯುತ್ತಿದ್ದರು. ಊರು ಬದಲಾದರೆ ದೇಶಾಂತರ ಸಂಸ್ಕಾರ ಮಾಡಲೇಬೇಕಿತ್ತು. ಈಗ ಗಂಟೆ ನಿಮಿಷ ಅಚ್ಚಾಗಿರುತ್ತದೆ, ಬೆಂಗಳೂರಿನ ಕ್ಯಾಲೆಂಡರನ್ನು ಇಲ್ಲಿಗೆ ತಂದು ಮೊಳೆಗೆ ನೇತುಹಾಕುತ್ತೇವೆ. ಅದರಲ್ಲಿನ ಕ್ಷಣ ಇಲ್ಲಿಗೂ ಸರಿ, ದಿನ ಸರಿಯಿರಲೇಬೇಕೆಂದಿಲ್ಲ. ಹಬ್ಬದ ಜಗಳಗಳಲ್ಲಿ ಎಷ್ಟೋ ಹುಟ್ಟುವುದು ಇದರಿಂದಲೇ. ಬೈಯಿಸಿಕೊಳ್ಳುವುದು ಮಾತ್ರ ಗಣಿತ.

ಸಿಂಧನೂರಿನ ಡ್ರೈವರನಿಗೆ ಅವತ್ತು ಇದರಲ್ಲಿ ಕಾಲುಪಾಲು ಹೇಳಿದೆನೇನೋ. ತಗಡಿನ ಮೇಲಿನ ಗುಣಾಕಾರವನ್ನು ಅವನು ನಿಂತು ನೋಡಿದ. “ಹಂಗಾರ ದಿನ ಮೇಸ್ತ್ರಿಯಾರ್ದು, ಟೈಮ್ ನಂದು” ಎಂದು ಚಾ ಕುಡಿಯಲು ಹೋದ. ಹನ್ನೆರಡರ ಮೇಲೆ ಹತ್ತಕ್ಕೆ ಬಂದು ನಾಲ್ಕು ಚಕ್ರದಡಿ ನಿಂಬೆಹಣ್ಣು ಇಟ್ಟ. ಮೇಸ್ತ್ರಿ ಗೊಣಗುತ್ತಲೇ ಬೂದುಗುಂಬಳಕಾಯಿಗೆ ಕರ್ಪೂರ ಹಚ್ಚಿ ಇಳಿತೆಗೆದರು. ಹದಿನೇಳಾಗಲಿ ಎಂದು ನಾವೆಲ್ಲ ಮೊಬೈಲು ನೋಡುತ್ತ ನಿಂತೆವು. ನೆರಳು ಉತ್ತರಕ್ಕೆ ಚಾಚಿತ್ತು. ದಕ್ಷಿಣಕ್ಕೆ ವಾಲಿದ ಸೂರ್ಯ, ಅವನ ಬಗಲಲ್ಲೇ ಎಲ್ಲೋ ಚಂದ್ರ. ವೆಲ್ಡಿಂಗ್ ಹುಡುಗ ತನ್ನ ಕಪ್ಪು ಗಾಜಿನ ಮುಖವಾಡವನ್ನು ಅತ್ತ ಎತ್ತಿ ಹಿಡಿಯಹೋದ, ಬೇಡವೆಂದು ಕೈ ಹಿಡಿದೆ. ಆಮೇಲೆ ಹಾರ್ನ್ ಆಯಿತು, ನಿಂಬೆಹಣ್ಣು ಒಡೆದ ಸದ್ದು ಕೇಳಿತು, ಲಾರಿ ಹೈದರಾಬಾದ್ ರಸ್ತೆಯ ಕಡೆ ತಿರುಗಿತು.